ಆಸ್ಪತ್ರೆಯ ಸೋಂಕಿಗೆ ಲೆಕ್ಕ ಕೇಳುವವರಾರು?

ಶುಕ್ರವಾರದ ಜುಮಾ ನಮಾಝ್ ಮುಗಿಯುತ್ತಿದ್ದಂತೆಯೇ ಬಡ ರೋಗಿಯೊಬ್ಬರ ಚಿಕಿತ್ಸೆಗಾಗಿ ನೆರವು ಯಾಚಿಸುವ ಪ್ರಕಟಣೆಯನ್ನು ಕೇಳದ ಮಸೀದಿ ನಮ್ಮಲ್ಲಿ ವಿರಳ. ಅಪಘಾತದಲ್ಲಿ ತೊಡೆಯ ಮೂಳೆ ಮುರಿದುಕೊಂಡ ಯುವಕ, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಕಿಡ್ನಿ ಕೈಕೊಟ್ಟ ಮನೆಯ ಯಜಮಾನ. ಪ್ರಕಟಣೆಯಲ್ಲಿ ಕಾಯಿಲೆಯ ಹೆಸರಿರುತ್ತದೆ, ಆಸ್ಪತ್ರೆಯ ಹೆಸರಿರುತ್ತದೆ, ಬೇಕಾದ ಮೊತ್ತವಿರುತ್ತದೆ. ಸಮುದಾಯವು ಕೈಲಾದುದನ್ನು ಕೊಡುತ್ತದೆ. ಕೊಡಲೇಬೇಕು ಕೂಡ. ಆದರೆ ಆ ಮೊತ್ತ ಸಾವಿರಗಳಿಂದ ಲಕ್ಷಗಳಿಗೆ ಏರಿದ್ದು ಹೇಗೆಂದು ಬಿಲ್ಲನ್ನು ಬಿಡಿಸಿ ನೋಡಿದವರು ಎಷ್ಟು ಮಂದಿ? ನೋಡಿದರೆ, ಎಷ್ಟೋ ಬಾರಿ ಅಲ್ಲಿ ದೊಡ್ಡದಾಗಿ ಕಾಣುವುದು ಮೂಳೆಯ ಶಸ್ತ್ರಚಿಕಿತ್ಸೆಯ ವೆಚ್ಚವಲ್ಲ. ಅದರ ಬಳಿಕ ತೀವ್ರ ನಿಗಾ ಘಟಕದಲ್ಲಿ ಕಳೆದ ಹತ್ತು-ಹದಿನೈದು ದಿನಗಳ ಶುಲ್ಕ ಮತ್ತು ಮೆರೊಪೆನೆಮ್, ಕೊಲಿಸ್ಟಿನ್ ಎಂಬ ಹೆಸರಿನ ಚುಚ್ಚುಮದ್ದುಗಳ ಸಾಲು. ಮನೆಯವರನ್ನು ವಿಚಾರಿಸಿದರೆ ಸಿಗುವುದು ಒಂದೇ ಉತ್ತರ: 'ಇನ್‌ಫೆಕ್ಷನ್ ಆಗಿದೆಯಂತೆ.'

ಕಾಲು ಮುರಿದುಕೊಂಡು ಹೋದವನ ರಕ್ತಕ್ಕೆ ಸೋಂಕು ಬಂದದ್ದು ಎಲ್ಲಿಂದ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ, ಆಸ್ಪತ್ರೆಯ ಹೆಸರಿನ ಸಹಿತ ಸೋಂಕಿನ ಅಂಕಿ-ಅಂಶವನ್ನು ಜನರ ಮುಂದಿಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹೋಟೆಲಿನ ಊಟದಿಂದ ಹತ್ತು ಮಂದಿ ಅಸ್ವಸ್ಥರಾದರೆ ಮರುದಿನದ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಅಧಿಕಾರಿಗಳು ಮಾದರಿ ಸಂಗ್ರಹಿಸುತ್ತಾರೆ. ಆಸ್ಪತ್ರೆಯ ವಾರ್ಡೊಂದರಲ್ಲಿ ಹತ್ತು ಮಂದಿಗೆ ಒಂದೇ ಬ್ಯಾಕ್ಟೀರಿಯಾ ಹರಡಿದರೆ ಅದು ಆ ಹತ್ತು ಕುಟುಂಬಗಳ ಹಣೆಬರಹ ಮಾತ್ರ. ಈ ವ್ಯತ್ಯಾಸ ಯಾಕಿದೆ?

'ಆಂಟಿಬಯೋಟಿಕ್ ತಿಂದು ತಿಂದು ದೇಹಕ್ಕೆ ಒಗ್ಗಿಹೋಗಿದೆ' ಎಂದು ಜನರು ಹೇಳುವುದಿದೆ. ನಿಜವಾಗಿ, ಒಗ್ಗಿಹೋಗುವುದು ದೇಹವಲ್ಲ, ಬ್ಯಾಕ್ಟೀರಿಯಾ. ಈ ಒಂದು ತಪ್ಪು ತಿಳಿವಳಿಕೆಯಿಂದಾಗಿಯೇ ಇದು ಔಷಧಿ ಸೇವಿಸಿದವನ ವೈಯಕ್ತಿಕ ಸಮಸ್ಯೆ ಎಂದು ನಾವು ಭಾವಿಸಿದ್ದೇವೆ. ಅನುಕೂಲಕರ ಪರಿಸ್ಥಿತಿಯಲ್ಲಿ ಇ. ಕೊಲಿಯಂತಹ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ದಿನದಲ್ಲಿ ಹುಟ್ಟುವ ಕೋಟ್ಯಂತರ ನಕಲುಗಳ ಪೈಕಿ ಅಲ್ಲೊಂದು ಇಲ್ಲೊಂದರಲ್ಲಿ ಅನುವಂಶೀಯ ಬರಹದ ತಪ್ಪುಗಳು ನುಸುಳುತ್ತವೆ. ಹೆಚ್ಚಿನವು ನಿರುಪಯುಕ್ತ. ಆದರೆ ಯಾವುದೋ ಒಂದು ತಪ್ಪಿನಿಂದಾಗಿ ಔಷಧಿ ಒಳಪ್ರವೇಶಿಸುವ ಕಿಂಡಿ ಕಿರಿದಾಗಬಹುದು, ಒಳಬಂದ ಔಷಧಿಯನ್ನು ಹೊರದಬ್ಬುವ ಪಂಪ್ ಬಲಗೊಳ್ಳಬಹುದು ಅಥವಾ ಔಷಧಿಯು ಬಂದು ಅಂಟಿಕೊಳ್ಳುವ ಜಾಗದ ಆಕಾರವೇ ಬದಲಾಗಬಹುದು. ಔಷಧಿ ಇಲ್ಲದ ಕಡೆ ಇಂತಹ ಬ್ಯಾಕ್ಟೀರಿಯಾಕ್ಕೆ ವಿಶೇಷ ಲಾಭವೇನಿಲ್ಲ. ಔಷಧಿ ಬಿದ್ದ ಕ್ಷಣದಲ್ಲಿ ಮಾತ್ರ ಲೆಕ್ಕಾಚಾರ ತಲೆಕೆಳಗಾಗುತ್ತದೆ. ದುರ್ಬಲವಾದವುಗಳೆಲ್ಲ ಸಾಯುತ್ತವೆ, ಅವುಗಳ ಜೊತೆ ನಮ್ಮ ಕರುಳಿನಲ್ಲಿದ್ದ ನಿರುಪದ್ರವಿ, ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬದುಕುಳಿದ ಒಂದಕ್ಕೆ ಖಾಲಿಯಾದ ಇಡೀ ಮನೆ ಸಿಗುತ್ತದೆ. ಔಷಧಿಯು ನಿರೋಧವನ್ನು ಸೃಷ್ಟಿಸುವುದಿಲ್ಲ, ಅದು ಆರಿಸಿಕೊಡುತ್ತದೆ.

ಇಷ್ಟೇ ಆಗಿದ್ದರೆ ಅಪಾಯ ಒಂದು ವಂಶಕ್ಕೆ ಸೀಮಿತವಾಗಿರುತ್ತಿತ್ತು. ಆದರೆ ಬ್ಯಾಕ್ಟೀರಿಯಾಗಳೊಳಗೆ ಪ್ಲಾಸ್ಮಿಡ್ ಎಂಬ ಉಂಗುರದಾಕಾರದ ಡಿಎನ್‌ಎ ತುಣುಕುಗಳಿರುತ್ತವೆ. ಒಂದು ಬ್ಯಾಕ್ಟೀರಿಯಾ ಇದರ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲುದು. ಆ ಪಕ್ಕದವನು ಅದರ ಸಂತತಿಯೇ ಆಗಿರಬೇಕೆಂದಿಲ್ಲ, ಅದೇ ಜಾತಿಗೆ ಸೇರಿರಬೇಕೆಂದೂ ಇಲ್ಲ. ಆಸ್ತಿಯನ್ನು ಮಕ್ಕಳಿಗಲ್ಲದೆ ಬೀದಿಯಲ್ಲಿ ಎದುರಾದ ಅಪರಿಚಿತನಿಗೂ ಬರೆದುಕೊಡುವ ವಿಚಿತ್ರ ಔದಾರ್ಯವಿದು. ಒಂದೇ ಪ್ಲಾಸ್ಮಿಡ್‌ನಲ್ಲಿ ನಾಲ್ಕೈದು ಬಗೆಯ ಔಷಧಿಗಳನ್ನು ಎದುರಿಸುವ ಜೀನ್‌ಗಳು ಒಟ್ಟಿಗಿರುವುದೂ ಉಂಟು. ಆದ್ದರಿಂದ ಒಂದು ಔಷಧಿಯ ಬಳಕೆಯು ಉಳಿದ ನಾಲ್ಕು ಔಷಧಿಗಳ ವಿರುದ್ಧದ ನಿರೋಧವನ್ನೂ ಸಾಕಿ ಬೆಳೆಸುತ್ತದೆ.

ಅಷ್ಟಕ್ಕೂ, ಇದು ಆಸ್ಪತ್ರೆಯಲ್ಲೇ ಇಷ್ಟು ತೀವ್ರವಾಗಲು ಕಾರಣವೇನು? ಊರಿನ ಅತ್ಯಂತ ದುರ್ಬಲ ದೇಹಗಳು, ಅತ್ಯಂತ ಪ್ರಬಲ ಔಷಧಿಗಳು ಮತ್ತು ಒಂದು ದೇಹದಿಂದ ಇನ್ನೊಂದು ದೇಹಕ್ಕೆ ಸಾಗುವ ಅತ್ಯಧಿಕ ಸಂಖ್ಯೆಯ ಕೈಗಳು ಒಂದೇ ಸೂರಿನಡಿ ಸೇರುವ ಇನ್ನೊಂದು ಜಾಗವಿಲ್ಲ. ಚರ್ಮ ಎಂಬುದು ದೇಹದ ಕೋಟೆ. ಆಸ್ಪತ್ರೆಯಲ್ಲಿ ಆ ಕೋಟೆಗೆ ಬೇಕೆಂದೇ ಬಾಗಿಲು ಕೊರೆಯಲಾಗುತ್ತದೆ. ಮೂತ್ರದ ನಳಿಕೆ, ಕತ್ತಿನ ದೊಡ್ಡ ರಕ್ತನಾಳಕ್ಕೆ ತೂರಿಸಿದ ಕೊಳವೆ, ವೆಂಟಿಲೇಟರ್‌ಗಾಗಿ ಗಂಟಲಿಗೆ ಇಳಿಸಿದ ಕೊಳವೆ. ಜೀವ ಉಳಿಸಲು ಇವು ಅನಿವಾರ್ಯ. ಆದರೆ ಈ ಕೊಳವೆಗಳ ಮೈಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂತಹ ಪದರವನ್ನು ಹೆಣೆದುಕೊಂಡು ನೆಲೆಯೂರುತ್ತವೆ. ಅದರೊಳಗೆ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವಂತೂ ಮಂಚದ ಸರಳು, ಪರದೆ, ಯಂತ್ರದ ಗುಂಡಿಗಳಂತಹ ಒಣ ಮೇಲ್ಮೈಯಲ್ಲಿ ವಾರಗಟ್ಟಲೆ ಬದುಕಬಲ್ಲುದು. ಅಲ್ಲಿಂದ ರೋಗಿಯನ್ನು ತಲುಪಲು ಅದಕ್ಕೆ ಬೇಕಾದುದು ತೊಳೆಯದ ಒಂದು ಕೈ ಮಾತ್ರ. ವೈದ್ಯರ ಕೈಯೇ ಹೆರಿಗೆ ವಾರ್ಡಿನಲ್ಲಿ ತಾಯಂದಿರನ್ನು ಕೊಲ್ಲುತ್ತಿದೆ ಎಂದು ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ 1847ರಲ್ಲಿಯೇ ಕಂಡುಹಿಡಿದಿದ್ದರು. ಕೈತೊಳೆದಾಗ ಸಾವು ಇಳಿಯಿತು. ಆದರೂ ಸಹೋದ್ಯೋಗಿಗಳು ಅವರನ್ನು ಒಪ್ಪಲಿಲ್ಲ. ನಮ್ಮ ಕೈಯಿಂದಲೇ ರೋಗಿ ಸಾಯುತ್ತಿದ್ದಾನೆಂಬುದನ್ನು ಒಪ್ಪಿಕೊಳ್ಳುವುದು ಅಂದೂ ಕಷ್ಟವಿತ್ತು, ಇಂದೂ ಕಷ್ಟವಿದೆ.

ಇಲ್ಲಿ ನಾವು ವೈದ್ಯರನ್ನೋ ದಾದಿಯರನ್ನೋ ಖಳರನ್ನಾಗಿಸುತ್ತಿಲ್ಲ. ಒಬ್ಬ ದಾದಿಗೆ ಒಪ್ಪಿಸಬೇಕಾದುದಕ್ಕಿಂತ ಎಷ್ಟೋ ಹೆಚ್ಚು ರೋಗಿಗಳನ್ನು ಒಪ್ಪಿಸಿದ ಮೇಲೆ ಪ್ರತಿ ಬಾರಿಯೂ ಕೈತೊಳೆಯಲಿಲ್ಲವೆಂದು ಆಕೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದರೆ ಉತ್ತರ ಬರಲು ಎರಡು-ಮೂರು ದಿನಗಳು ಬೇಕು. ರೋಗಿ ಅಲ್ಲಿಯವರೆಗೆ ಉಳಿಯಬೇಕಲ್ಲ? ಆದ್ದರಿಂದ ವೈದ್ಯರು ಎಲ್ಲವನ್ನೂ ಹೊಡೆಯುವ ಔಷಧಿಯಿಂದ ಆರಂಭಿಸುತ್ತಾರೆ. ಅದು ತಪ್ಪಲ್ಲ. ವರದಿ ಬಂದ ಬಳಿಕವೂ ಅದನ್ನೇ ಮುಂದುವರಿಸುವುದು, ಕಲ್ಚರ್ ಪರೀಕ್ಷೆಯನ್ನೇ ಮಾಡಿಸದಿರುವುದು ತಪ್ಪು. ಸಣ್ಣ ಪಟ್ಟಣಗಳ ಎಷ್ಟೋ ಆಸ್ಪತ್ರೆಗಳಲ್ಲಿ ಸುಸಜ್ಜಿತ ಸೂಕ್ಷ್ಮಜೀವಿ ಪ್ರಯೋಗಾಲಯವೇ ಇಲ್ಲದಿರುವಾಗ ಇದು ವೈದ್ಯನೊಬ್ಬನ ತಪ್ಪಾಗಿಯೂ ಉಳಿಯುವುದಿಲ್ಲ.

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಒಂದು ಕಾಲ್ಪನಿಕ ಉದಾಹರಣೆ ನೀಡಿದ್ದರು. ಗಂಟಲು ನೋವಿರುವ ಓರ್ವ ವ್ಯಕ್ತಿ ತಾನೇ ಪೆನ್ಸಿಲಿನ್ ಖರೀದಿಸಿ ಅರೆಬರೆ ಸೇವಿಸುತ್ತಾನೆ. ಅವನು ಗುಣವಾಗುತ್ತಾನೆ. ಆದರೆ ಅವನಲ್ಲಿ ಪಳಗಿದ ಬ್ಯಾಕ್ಟೀರಿಯಾ ಪತ್ನಿಗೆ ದಾಟುತ್ತದೆ. ಆಕೆಗೆ ಪೆನ್ಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರು ಎಂಬುದು ಫ್ಲೆಮಿಂಗ್‌ರ ಪ್ರಶ್ನೆಯಾಗಿತ್ತು. ಮದ್ರಸದಲ್ಲಿ ಫಿಕ್‌ಹ್‌ನ ಪ್ರಾಥಮಿಕ ಪಾಠ ಓದಿದ ವಿದ್ಯಾರ್ಥಿಗೂ ಇದರ ಉತ್ತರ ಗೊತ್ತಿರಬೇಕು. ಅಲ್ಲಾಹನಿಗೆ ಸಲ್ಲಬೇಕಾದ ಹಕ್ಕಿನಲ್ಲಿ ಲೋಪವಾದರೆ ತೌಬಾದ ಬಾಗಿಲು ತೆರೆದಿದೆ. ಹುಕೂಕುಲ್ ಇಬಾದ್, ಅಂದರೆ ಮನುಷ್ಯರಿಗೆ ಸಲ್ಲಬೇಕಾದ ಹಕ್ಕಿನಲ್ಲಿ ಲೋಪವಾದರೆ ಅನ್ಯಾಯಕ್ಕೊಳಗಾದವನೇ ಕ್ಷಮಿಸಬೇಕು. ಆಂಟಿಬಯೋಟಿಕ್‌ನ ವಿಚಾರದಲ್ಲಿ ಅನ್ಯಾಯಕ್ಕೊಳಗಾದವನು ಯಾರೆಂದೇ ನಮಗೆ ತಿಳಿದಿರುವುದಿಲ್ಲ. ಎಲ್ಲೋ ಒಂದು ಆಸ್ಪತ್ರೆಯ ಮಂಚದಲ್ಲಿ ಮುಂದಿನ ವರ್ಷ ಮಲಗಲಿರುವ ಅಪರಿಚಿತ ಆತ.

ಪೆನ್ಸಿಲಿನ್ ಸೋತಾಗ ಹೊಸತು ಬಂತು. 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲಿ ಅದಕ್ಕೂ ಜಗ್ಗದ ಸ್ಟೆಫಿಲೊಕಾಕಸ್ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಹೀಗೆ ಒಂದರ ಹಿಂದೆ ಒಂದರಂತೆ ಕೈತಪ್ಪಿ, ಕೊನೆಯ ಸಾಲಿನ ಕಾವಲುಗಾರರಾಗಿ ಉಳಿದವು ಕಾರ್ಬಾಪೆನೆಮ್ ಗುಂಪಿನ ಔಷಧಿಗಳು. ಮೇಲೆ ಹೇಳಿದ ಮೆರೊಪೆನೆಮ್ ಇದೇ ಗುಂಪಿನದು. ಈ ಗುಂಪಿನ ಸೋಲಿನ ಕತೆಯಲ್ಲಿ ನಮ್ಮ ದೇಶದ ರಾಜಧಾನಿಯ ಹೆಸರಿದೆ.

2008ರಲ್ಲಿ ಸ್ವೀಡನ್ನಿನ ಭಾರತ ಮೂಲದ ರೋಗಿಯೊಬ್ಬರಲ್ಲಿ ಕಾರ್ಬಾಪೆನೆಮ್‌ಗಳನ್ನೂ ಒಡೆದುಹಾಕುವ ಕಿಣ್ವವೊಂದನ್ನು ತಯಾರಿಸುವ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅದಕ್ಕೆ ಮೊದಲು ಅವರು ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದರು. ಸಂಶೋಧಕರು ಆ ಕಿಣ್ವಕ್ಕೆ ನ್ಯೂಡೆಲ್ಲಿ ಮೆಟಲ್ಲೊ-ಬೀಟಾ-ಲ್ಯಾಕ್ಟಮೇಸ್, ಸಂಕ್ಷಿಪ್ತವಾಗಿ ಎನ್‌ಡಿಎಂ-1 ಎಂದು ಹೆಸರಿಟ್ಟರು. 2010ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಚೆನ್ನೈಯಲ್ಲಿ 44, ಹರ್ಯಾಣದಲ್ಲಿ 26, ಬ್ರಿಟನ್ನಿನಲ್ಲಿ 37 ಮತ್ತು ಉಪಖಂಡದ ಇತರ ಕಡೆಗಳಲ್ಲಿ 73 ಮಾದರಿಗಳಲ್ಲಿ ಇದನ್ನು ಗುರುತಿಸಿತು. ಅದರ ಪ್ಲಾಸ್ಮಿಡ್ ಸುಲಭವಾಗಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆಂದೂ ಎಚ್ಚರಿಸಿತು. ದೇಶದಲ್ಲಿ ಎದ್ದ ಪ್ರತಿಕ್ರಿಯೆ ಹೇಗಿತ್ತು? ಬ್ಯಾಕ್ಟೀರಿಯಾದ ಬಗ್ಗೆ ಆತಂಕ ವ್ಯಕ್ತವಾಗಲಿಲ್ಲ. ಹೆಸರಿನ ಬಗ್ಗೆ ಆಕ್ರೋಶ ವ್ಯಕ್ತವಾಯಿತು. ಭಾರತದ ವೈದ್ಯಕೀಯ ಪ್ರವಾಸೋದ್ಯಮವನ್ನು ಹಾಳುಗೆಡಹುವ ಸಂಚು ಇದೆಂಬ ಮಾತು ಸಂಸತ್ತಿನಲ್ಲೂ ಕೇಳಿಬಂತು. ಅಂದಿನ ಕೇಂದ್ರ ಆರೋಗ್ಯ ಸಚಿವಾಲಯ ವರದಿಯ ನಿಲುವನ್ನು ತಳ್ಳಿಹಾಕಿತು. ಆಡಳಿತದಲ್ಲಿ ಯುಪಿಎ ಇತ್ತು, ವಿರೋಧ ಪಕ್ಷದಲ್ಲಿ ಬಿಜೆಪಿ ಇತ್ತು. ಈ ಒಂದು ವಿಷಯದಲ್ಲಿ ಇಬ್ಬರ ನಡುವೆ ಭಿನ್ನಾಭಿಪ್ರಾಯವೇ ಇರಲಿಲ್ಲ.

ಹೆಸರಿನ ಬಗೆಗಿನ ಆಕ್ಷೇಪದಲ್ಲಿ ನ್ಯಾಯವಿದೆ. ಲ್ಯಾನ್ಸೆಟ್‌ನ ಸಂಪಾದಕ ರಿಚರ್ಡ್ ಹಾರ್ಟನ್ 2011ರಲ್ಲಿ ಅದಕ್ಕಾಗಿ ಕ್ಷಮೆ ಯಾಚಿಸಿದರು. ಕಾಯಿಲೆಗಳಿಗೆ ಊರಿನ ಹೆಸರಿಡಬಾರದೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ನೀಡಿತು. ಒಂದು ರೋಗವನ್ನು ಒಂದು ಜನಸಮೂಹದ ಹೆಸರಿಗೆ ಅಂಟಿಸಿದರೆ ಏನಾಗುತ್ತದೆಂದು ಈ ದೇಶದ ಮುಸ್ಲಿಮರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2020ರ ಏಪ್ರಿಲ್‌ನಲ್ಲಿ ನಿಝಾಮುದ್ದೀನ್ ಮರ್ಕಝ್‌ನ ಹೆಸರಲ್ಲಿ ಟಿವಿ ಚಾನೆಲ್‌ಗಳು ನಡೆಸಿದ ಬೇಟೆಯಿಂದಾಗಿ ತರಕಾರಿ ಮಾರುವ ಬಡಪಾಯಿಗಳೂ ಬಹಿಷ್ಕಾರ ಎದುರಿಸಿದರು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠವು ತಬ್ಲೀಗ್‌ನ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದು ಅಭಿಪ್ರಾಯಪಟ್ಟಿತು. ಆದ್ದರಿಂದ ಹೆಸರಿನ ನೋವು ನಮಗೆ ಅರ್ಥವಾಗುತ್ತದೆ. ಆದರೆ ಹೆಸರು ತಪ್ಪೆಂಬ ಮಾತ್ರಕ್ಕೆ ಬ್ಯಾಕ್ಟೀರಿಯಾ ಸುಳ್ಳಾಗುತ್ತದೆಯೇ?

ವಿಷಾದವೇನೆಂದರೆ, ಆ ವಿದೇಶಿ ಸಂಚಿನ ಮಾತಿಗೆ ಐದು ತಿಂಗಳು ಮೊದಲೇ ಭಾರತೀಯ ವೈದ್ಯರು ಇದನ್ನು ಹೇಳಿಬಿಟ್ಟಿದ್ದರು. ಮುಂಬೈಯ ಹಿಂದೂಜಾ ಆಸ್ಪತ್ರೆಯ ವೈದ್ಯರು ತಮ್ಮಲ್ಲಿ ಕಂಡುಬಂದ ಕಾರ್ಬಾಪೆನೆಮ್ ನಿರೋಧಕ 24 ಮಾದರಿಗಳ ಪೈಕಿ 22ರಲ್ಲಿ ಎನ್‌ಡಿಎಂ-1 ಇರುವುದನ್ನು 2010ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯರ ಸಂಘದ ಪತ್ರಿಕೆಯಲ್ಲಿಯೇ ಪ್ರಕಟಿಸಿದ್ದರು. ಅದೇ ಸಂಚಿಕೆಯಲ್ಲಿ ಚೆನ್ನೈಯ ಸೋಂಕು ರೋಗ ತಜ್ಞ ಡಾ. ಅಬ್ದುಲ್ ಗಫೂರ್, ಆಂಟಿಬಯೋಟಿಕ್‌ಗಳ ಸಾವಿನ ಬಗ್ಗೆ ನಿಧನ ವಾರ್ತೆಯ ರೂಪದಲ್ಲಿ ಸಂಪಾದಕೀಯ ಬರೆದಿದ್ದರು. ಸ್ವದೇಶಿ ವೈದ್ಯರು ಸ್ವದೇಶಿ ಪತ್ರಿಕೆಯಲ್ಲಿ ಹೇಳಿದ್ದನ್ನು ಯಾರೂ ಓದಲಿಲ್ಲ. ಲಂಡನ್ನಿನ ಪತ್ರಿಕೆ ಹೇಳಿದಾಗ ಎಲ್ಲರಿಗೂ ದೇಶದ ಮಾನ ನೆನಪಾಯಿತು. ಇದೇ ಅಬ್ದುಲ್ ಗಫೂರ್ 2012ರಲ್ಲಿ ವೈದ್ಯ ಸಂಘಟನೆಗಳನ್ನು ಕಲೆಹಾಕಿ ಚೆನ್ನೈ ಘೋಷಣೆಯನ್ನು ರೂಪಿಸಿದರು. ಸರಕಾರ ತನ್ನ ಔಷಧಿ ನಿಯಮಗಳನ್ನು ಬಿಗಿಗೊಳಿಸುವುದರ ಹಿಂದೆ ಆ ಒತ್ತಡವೂ ಇತ್ತು. 2011ರಲ್ಲಿ ದೆಹಲಿಯ ನೀರನ್ನು ಪರೀಕ್ಷಿಸಿದಾಗ ಬೀದಿಯಲ್ಲಿ ಒಸರಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ ಮತ್ತು ನಲ್ಲಿ ನೀರಿನ 50ರ ಪೈಕಿ 2ರಲ್ಲಿ ಈ ಜೀನ್ ಪತ್ತೆಯಾಯಿತು. ಸಂಚು ಎಂದು ಕೂಗಿದರೆ ಕೇಳಿಸಿಕೊಳ್ಳಲು ನಲ್ಲಿ ನೀರಿಗೆ ಕಿವಿಯಿಲ್ಲ.

ಈ ರೋಗ ನಮ್ಮದು ಮಾತ್ರವಲ್ಲ. 2003ರ ಬಳಿಕ ಇರಾಕಿನ ಮೇಲೆ ದಾಳಿ ಮಾಡಿದ ಅಮೆರಿಕದ ಗಾಯಾಳು ಸೈನಿಕರಲ್ಲಿ ಬಹುತೇಕ ಔಷಧಿಗಳಿಗೆ ಜಗ್ಗದ ಅಸಿನೆಟೊಬ್ಯಾಕ್ಟರ್ ಕಾಣಿಸಿಕೊಂಡಾಗ ಇರಾಕಿನ ಮಣ್ಣನ್ನು ಶಂಕಿಸಲಾಯಿತು. ಸೈನಿಕರ ಬಾಯಲ್ಲಿ ಅದಕ್ಕೆ 'ಇರಾಕಿಬ್ಯಾಕ್ಟರ್' ಎಂಬ ಹೆಸರೂ ಬಿತ್ತು. ಕೊನೆಗೆ ಅಮೆರಿಕದ ಸೇನೆಯ ವೈದ್ಯರೇ ತನಿಖೆ ನಡೆಸಿ 2007ರಲ್ಲಿ ಪ್ರಕಟಿಸಿದ ವರದಿಯು ಬೆರಳನ್ನು ಬೇರೆಡೆಗೆ ತಿರುಗಿಸಿತು. ಮಣ್ಣಿನಲ್ಲಿ ಅದು ಕಂಡುಬಂದದ್ದು ತೀರಾ ಅಪರೂಪ. ಪರೀಕ್ಷಿಸಿದ 7 ಕ್ಷೇತ್ರ ಆಸ್ಪತ್ರೆಗಳ ಚಿಕಿತ್ಸಾ ಸ್ಥಳಗಳಲ್ಲೆಲ್ಲ ಅದು ಮನೆಮಾಡಿತ್ತು. ಗಾಯಾಳುಗಳಿಗೆ ಅದು ದಾಟಿದ್ದು ಅವರದೇ ಆಸ್ಪತ್ರೆಗಳಲ್ಲಿ. ಪರರ ಮಣ್ಣನ್ನು ದೂರುವುದು ಎಲ್ಲ ದೇಶಗಳ ಮೊದಲ ಪ್ರವೃತ್ತಿ. ಆದರೆ ಅವರು ತನಿಖೆ ಮಾಡಿದರು ಮತ್ತು ಪ್ರಕಟಿಸಿದರು ಎಂಬುದನ್ನು ಅವರ ಯುದ್ಧವನ್ನು ಖಂಡಿಸುವ ನಾವೂ ಒಪ್ಪಿಕೊಳ್ಳಬೇಕು.

2010ರಲ್ಲಿ ನಾವು ಸಂಚುಕೋರರೆಂದು ಬೈದ ಬ್ರಿಟಿಷರು ತಮ್ಮ ಮನೆಯ ವಿಷಯದಲ್ಲಿ ಏನು ಮಾಡಿದ್ದರು? ಮೆಥಿಸಿಲಿನ್‌ಗೆ ಜಗ್ಗದ ಸ್ಟೆಫಿಲೊಕಾಕಸ್ ಇಂಗ್ಲೆಂಡಿನ ಆಸ್ಪತ್ರೆಗಳನ್ನು ಆವರಿಸಿದಾಗ, ರಕ್ತಕ್ಕೆ ಇಳಿದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡುವುದನ್ನು 2001ರಲ್ಲಿ ಅಲ್ಲಿ ಕಡ್ಡಾಯಗೊಳಿಸಲಾಯಿತು. ಆಸ್ಪತ್ರೆ ಸಮೂಹಗಳ ಹೆಸರು ಹಿಡಿದೇ ಅಂಕಿಗಳು ಪ್ರಕಟವಾದವು. ಪತ್ರಿಕೆಗಳು ಸರಕಾರವನ್ನು ಹಿಗ್ಗಾಮುಗ್ಗಾ ತರಾಟೆಗೆತ್ತಿಕೊಂಡವು. ಆಸ್ಪತ್ರೆಗಳಿಗೆ ಗುರಿ ನಿಗದಿಯಾಯಿತು. ಕೈತೊಳೆಯುವ ವ್ಯವಸ್ಥೆ ಪ್ರತಿ ಮಂಚದ ಬಳಿಗೆ ಬಂತು, ಕೊಳವೆ ತೂರಿಸುವ ಕ್ರಮ ಬದಲಾಯಿತು. 2003-04ರಲ್ಲಿ ಸುಮಾರು 7,700ರಷ್ಟಿದ್ದ ಪ್ರಕರಣಗಳು 2008-09ರ ಹೊತ್ತಿಗೆ 3,000ಕ್ಕಿಂತ ಕೆಳಗಿಳಿದವು. ಇದಕ್ಕಾಗಿ ಯಾವ ಹೊಸ ಪವಾಡ ಔಷಧಿಯೂ ಬಂದಿರಲಿಲ್ಲ. ಆಸ್ಪತ್ರೆಯ ಆಡಳಿತಗಾರನು ತನ್ನ ಆಸ್ಪತ್ರೆಯ ಸಂಖ್ಯೆಯನ್ನು ತನ್ನದೇ ಊರಿನ ಪತ್ರಿಕೆಯಲ್ಲಿ ಓದಬೇಕಾಗಿ ಬಂದದ್ದೂ ಈ ಬದಲಾವಣೆಯ ಒಂದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ನಮ್ಮಲ್ಲಿ ಮುಚ್ಚಿಡಲಾಗುತ್ತಿರುವುದರ ಬೆಲೆ ಏನು? 2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಶಿಶುಗಳ ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡುಬಂದದ್ದು ಇದೇ ಅಸಿನೆಟೊಬ್ಯಾಕ್ಟರ್. ಅದರ 82 ಶೇಕಡಾ ಮಾದರಿಗಳು ಅನೇಕ ಔಷಧಿಗಳಿಗೆ ನಿರೋಧ ಹೊಂದಿದ್ದವು. ಸೋಂಕಿನ ದೊಡ್ಡ ಪಾಲು ಹುಟ್ಟಿದ ಮೂರು ದಿನಗಳೊಳಗೇ ಕಾಣಿಸಿಕೊಂಡಿತ್ತು. ಜೀವನದಲ್ಲಿ ಒಂದು ಮಾತ್ರೆಯನ್ನೂ ನುಂಗದ, ಯಾವ ಕೋರ್ಸನ್ನೂ ಅರ್ಧಕ್ಕೆ ನಿಲ್ಲಿಸದ ಕೂಸುಗಳಿವು. 'ಜನರು ಅಜ್ಞಾನದಿಂದ ಆಂಟಿಬಯೋಟಿಕ್ ತಿನ್ನುತ್ತಾರೆ' ಎಂದು ವೇದಿಕೆಯಲ್ಲಿ ಉಪದೇಶಿಸುವವರು ಈ ಕೂಸುಗಳ ಮುಂದೆ ಏನು ಹೇಳುತ್ತಾರೆ? 2019ರಲ್ಲಿ ಔಷಧ ನಿರೋಧವೇ ನೇರ ಕಾರಣವಾದ ಸಾವುಗಳು ಜಗತ್ತಿನಲ್ಲಿ 12.7 ಲಕ್ಷ ಮತ್ತು ಭಾರತದಲ್ಲಿ ಸುಮಾರು 2.97 ಲಕ್ಷ ಎಂದು ಅಂತಾರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಯ ಪ್ರಕಾರ, ಕಾರ್ಬಾಪೆನೆಮ್ ಗುಂಪಿನ ಇಮಿಪೆನೆಮ್‌ಗೆ ಬಗ್ಗುವ ಇ. ಕೊಲಿಯ ಪ್ರಮಾಣ 2016ರಲ್ಲಿ 86 ಶೇಕಡಾ ಇತ್ತು, 2021ಕ್ಕಾಗುವಾಗ 64ಕ್ಕೆ ಇಳಿಯಿತು. ಕ್ಲೆಬ್ಸಿಯೆಲ್ಲಾದಲ್ಲಿ ಅದು 65ರಿಂದ 43ಕ್ಕೆ ಕುಸಿಯಿತು. ಕಾರ್ಬಾಪೆನೆಮ್ ಸೋತಾಗ ವೈದ್ಯರು ಕೈಚಾಚುವ ಕೊಲಿಸ್ಟಿನ್, ಮೂತ್ರಪಿಂಡಕ್ಕೆ ಅಪಾಯಕಾರಿ ಎಂಬ ಕಾರಣಕ್ಕಾಗಿ ದಶಕಗಳ ಹಿಂದೆ ಮೂಲೆಗೆ ಸರಿಸಲಾಗಿದ್ದ ಹಳೆಯ ಔಷಧಿ.

ಸರಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ಅದು ಅನ್ಯಾಯವಾಗುತ್ತದೆ. 2014ರ ಮಾರ್ಚ್‌ನಲ್ಲಿ ಎಚ್-1 ಅನುಸೂಚಿ ಜಾರಿಗೆ ಬಂತು. ಅದರನ್ವಯ, ಪಟ್ಟಿಯಲ್ಲಿರುವ ಪ್ರಬಲ ಆಂಟಿಬಯೋಟಿಕ್‌ಗಳನ್ನು ಮಾರುವ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ನಿಮ್ಮ ಬೀದಿಯ ಮೆಡಿಕಲ್‌ನಲ್ಲಿ ಆ ಪುಸ್ತಕವನ್ನು ಕಂಡವರಿದ್ದರೆ ಅಭಿನಂದನೆಗಳು. 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, 2019ರಲ್ಲಿ ಕೋಳಿ ಮತ್ತು ಜಾನುವಾರುಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಲಾಯಿತು. ನೆರೆಯ ಕೇರಳವು 2018ರಲ್ಲಿ ತನ್ನದೇ ಯೋಜನೆ ರೂಪಿಸಿ, 2024ರಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಾಳಿಗಳನ್ನೇ ಸಂಘಟಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ಇವುಗಳಲ್ಲಿ ಹೆಚ್ಚಿನವುಗಳ ದೃಷ್ಟಿ ಅಂಗಡಿಯವನ ಮೇಲೆ, ರೈತನ ಮೇಲೆ, ರೋಗಿಯ ಮೇಲಿದೆ. ಆಸ್ಪತ್ರೆಯ ಒಳಗಿನ ಲೆಕ್ಕವನ್ನು ಸಂಗ್ರಹಿಸುವ ಸರಕಾರಿ ಜಾಲಗಳು ಇವೆ. ಅವು ಉತ್ತಮ ಕೆಲಸವನ್ನೂ ಮಾಡುತ್ತಿವೆ. ಆದರೆ ಅಲ್ಲಿ ಪ್ರಕಟವಾಗುವುದು ಎಲ್ಲವನ್ನೂ ಕೂಡಿಸಿದ ಸರಾಸರಿ. ಸರಾಸರಿಗೆ ಮುಖವಿಲ್ಲ, ಆದ್ದರಿಂದ ಯಾರಿಗೂ ನಾಚಿಕೆಯಾಗುವುದಿಲ್ಲ.

2017ರಲ್ಲಿ ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯ ಸಂದರ್ಭದಲ್ಲಿ ವೈದ್ಯರು ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ಅಂದು ಚರ್ಚೆಯ ಕೇಂದ್ರದಲ್ಲಿದ್ದುದು ಚಿಕಿತ್ಸೆಯ ದರ ಮತ್ತು ವೈದ್ಯರ ಮೇಲಿನ ಶಿಕ್ಷೆ. ದರದ ಪಟ್ಟಿಯಷ್ಟೇ ಮುಖ್ಯವಾಗಿ ಸೋಂಕಿನ ಪಟ್ಟಿಯನ್ನೂ ಗೋಡೆಗೆ ಅಂಟಿಸಿ ಎಂಬ ಬೇಡಿಕೆಯನ್ನು ಯಾವ ಪಕ್ಷವೂ ತನ್ನದಾಗಿಸಿಕೊಳ್ಳಲಿಲ್ಲ.

ಇದಕ್ಕೆ ಆಸ್ಪತ್ರೆಗಳ ಬಳಿ ಉತ್ತರವಿದೆ. ಆ ಉತ್ತರ ಕ್ಷುಲ್ಲಕವೂ ಅಲ್ಲ. ದೊಡ್ಡ ಆಸ್ಪತ್ರೆಗೆ ಬರುವವರು ಇತರೆಡೆ ಚಿಕಿತ್ಸೆ ಫಲಿಸದೆ ಕೊನೆಯ ಘಟ್ಟದಲ್ಲಿ ಬರುವವರು. ಅವರಲ್ಲಿ ಅನೇಕರು ಬರುವಾಗಲೇ ನಿರೋಧಕ ಬ್ಯಾಕ್ಟೀರಿಯಾವನ್ನು ಹೊತ್ತು ತಂದಿರುತ್ತಾರೆ. ಇನ್ನು, ಪ್ರಾಮಾಣಿಕವಾಗಿ ಪರೀಕ್ಷಿಸುವ ಆಸ್ಪತ್ರೆಯಲ್ಲಿ ಸಂಖ್ಯೆ ಹೆಚ್ಚು ಕಾಣುತ್ತದೆ, ಪರೀಕ್ಷೆಯನ್ನೇ ಮಾಡದವನು ಶುಭ್ರನಾಗಿ ಕಾಣುತ್ತಾನೆ. ಎರಡೂ ನಿಜ. ಮೊದಲನೆಯದಕ್ಕೆ ಪರಿಹಾರವಿದೆ: ದಾಖಲಾಗಿ 48 ಗಂಟೆಗಳ ಬಳಿಕ ಕಾಣಿಸಿಕೊಂಡ ಸೋಂಕನ್ನು ಪ್ರತ್ಯೇಕವಾಗಿ ಎಣಿಸುವ ಕ್ರಮ ವೈದ್ಯಲೋಕದಲ್ಲಿ ಹಿಂದಿನಿಂದಲೂ ಇದೆ. ಎರಡನೆಯದಕ್ಕೆ, ಎಷ್ಟು ಕಲ್ಚರ್ ಪರೀಕ್ಷೆ ನಡೆಸಲಾಗಿದೆ ಎಂಬ ಸಂಖ್ಯೆಯನ್ನೂ ಜೊತೆಗೇ ಪ್ರಕಟಿಸಬೇಕು. ಪರೀಕ್ಷೆಯೇ ಇಲ್ಲದ ಶೂನ್ಯವು ಆಗ ತಾನಾಗಿಯೇ ಬಯಲಾಗುತ್ತದೆ.

ಕಾನೂನು ಬರುವವರೆಗೆ ಕಾಯಬೇಕೇ? ಇಲ್ಲಿ ನಮ್ಮ ಸಮುದಾಯದೊಂದಿಗೆ ಒಂದು ಮಾತು. ಮುಸ್ಲಿಮ್ ಟ್ರಸ್ಟ್‌ಗಳು, ಉದ್ಯಮಿಗಳು, ಅನಿವಾಸಿಗಳು ಸೇರಿ ನಡೆಸುವ ಆಸ್ಪತ್ರೆಗಳು ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಉತ್ತರ ಕರ್ನಾಟಕದಲ್ಲೂ ಇವೆ. ಇಮಾಮ್ ಗಝ್ಝಾಲಿಯವರು ಇಹ್ಯಾ ಉಲೂಮುದ್ದೀನ್‌ನಲ್ಲಿ ವೈದ್ಯಶಾಸ್ತ್ರವನ್ನು ಫರ್ಝ್ ಕಿಫಾಯ, ಅಂದರೆ ಸಮುದಾಯದ ಸಾಮೂಹಿಕ ಕಡ್ಡಾಯವೆಂದು ಪರಿಗಣಿಸಿದ್ದಾರೆ ಎಂಬುದನ್ನು ಈ ಆಸ್ಪತ್ರೆಗಳ ಉದ್ಘಾಟನಾ ಭಾಷಣಗಳಲ್ಲಿ ನಾವು ಕೇಳಿದ್ದೇವೆ. ಬಗ್ದಾದ್‌ನಲ್ಲಿ ಆಸ್ಪತ್ರೆಗೆ ಜಾಗ ಆರಿಸಲು ಅರ್‌ರಾಝಿ ನಗರದ ಹಲವೆಡೆ ಮಾಂಸದ ತುಂಡುಗಳನ್ನು ತೂಗುಹಾಕಿ, ಎಲ್ಲಿ ಅದು ತಡವಾಗಿ ಕೊಳೆಯಿತೋ ಆ ಜಾಗವನ್ನು ಸೂಚಿಸಿದರು ಎಂಬ ಕಥೆಯನ್ನೂ ಕೇಳಿದ್ದೇವೆ. ಭಾಷಣ ಮುಗಿದ ಬಳಿಕ ಆ ಆಸ್ಪತ್ರೆಯ ತೀವ್ರ ನಿಗಾ ಘಟಕದ ಸಿಂಕ್‌ನಿಂದ ಮಾದರಿ ತೆಗೆದು ಪರೀಕ್ಷಿಸಿದವರಿದ್ದಾರೆಯೇ? ಅರ್‌ರಾಝಿಯ ಮಾಂಸದ ತುಂಡು ಇಂದಿನ ಭಾಷೆಯಲ್ಲಿ ಅದೇ ಅಲ್ಲವೇ?

ಹಿಂದಿನ ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯಿದ್ದ. ಮಾರುಕಟ್ಟೆಯ ತೂಕ-ಅಳತೆಗಳ ಜೊತೆಗೆ ಔಷಧಿ ಮಾರುವವರ, ವೈದ್ಯರ ಮೇಲಿನ ನಿಗಾವೂ ಅವನ ಹೊಣೆಯಾಗಿತ್ತು. 12ನೇ ಶತಮಾನದ ಸಿರಿಯಾದಲ್ಲಿ ಅಶ್ಶೈಝರಿ ಮುಹ್ತಸಿಬ್‌ಗಳಿಗಾಗಿ ಬರೆದ ಕೈಪಿಡಿಯಲ್ಲಿ ಇದಕ್ಕೆಂದೇ ಅಧ್ಯಾಯಗಳಿವೆ. ನಮ್ಮ ಜಮಾಅತ್ ಕಮಿಟಿಗಳು ಮದುವೆಯ ಆಡಂಬರಕ್ಕೆ ದಂಡ ಹಾಕುವಷ್ಟು ಅಧಿಕಾರವನ್ನು ಚಲಾಯಿಸುತ್ತವೆ. ಲಕ್ಷಾಂತರ ರೂಪಾಯಿಯ ಆಸ್ಪತ್ರೆ ಬಿಲ್ಲನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಪಾವತಿಸುತ್ತವೆ. ರೋಗಿಯ ನೆರವಿಗೆ ಹಣ ನೀಡುವ ಸಮಿತಿಗಳು ಡಿಸ್ಚಾರ್ಜ್ ಸಾರಾಂಶದ ಜೊತೆ ಕಲ್ಚರ್ ವರದಿಯನ್ನು ಕೇಳಲು ಯಾವ ಕಾನೂನೂ ಅಡ್ಡಿಯಾಗದು. ರೋಗಿಯ ವರದಿಯ ಪ್ರತಿ ಪಡೆಯುವುದು ರೋಗಿಯ ಹಕ್ಕು, ಅವನ ಒಪ್ಪಿಗೆಯಿಂದ ಸಮಿತಿಯೂ ಅದನ್ನು ನೋಡಬಹುದು. ಸೋಂಕು ಯಾವ ದಿನ ಕಾಣಿಸಿಕೊಂಡಿತು, ಮಾದರಿಯನ್ನು ಯಾವ ದಿನ ಕಳುಹಿಸಲಾಯಿತು, ವರದಿ ಬಂದ ಮೇಲೆ ಔಷಧಿ ಬದಲಾಯಿತೇ? ಇಷ್ಟನ್ನು ಕೇಳಲು ಸಮಿತಿಯಲ್ಲಿ ಓರ್ವ ವೈದ್ಯರಿದ್ದರೆ ಸಾಕು. ಈ ಪ್ರಶ್ನೆ ಕೇಳುತ್ತಾರೆ ಎಂದು ಆಸ್ಪತ್ರೆಗೆ ಗೊತ್ತಾಗುವುದು ಕೂಡ ಒಂದು ಚಿಕಿತ್ಸೆಯೇ.

ಇನ್ನು ನಮ್ಮದೇ ಟ್ರಸ್ಟ್ ಆಸ್ಪತ್ರೆಗಳು. ಅವು ಕನಿಷ್ಠ ಮೂರು ಸಂಖ್ಯೆಗಳನ್ನು ಪ್ರತಿ ವರ್ಷ ಬಹಿರಂಗಪಡಿಸಲು ಸಾಧ್ಯವಿದೆ: ದೊಡ್ಡ ರಕ್ತನಾಳದ ಕೊಳವೆ ಹಾಕಿದ ಪ್ರತಿ ಸಾವಿರ ದಿನಗಳಿಗೆ ಎಷ್ಟು ರಕ್ತದ ಸೋಂಕು, ಪ್ರತಿ ನೂರು ಶಸ್ತ್ರಚಿಕಿತ್ಸೆಗಳಲ್ಲಿ ಎಷ್ಟು ಗಾಯಗಳಿಗೆ ಕೀವು, ಆ ವರ್ಷ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ ಕಾರ್ಬಾಪೆನೆಮ್‌ಗೆ ಜಗ್ಗದವು ಎಷ್ಟು. ಜೊತೆಗೆ ಮೇಲೆ ಹೇಳಿದ ಕಲ್ಚರ್ ಪರೀಕ್ಷೆಗಳ ಒಟ್ಟು ಸಂಖ್ಯೆ. ಮೊದಲ ವರ್ಷ ಈ ಸಂಖ್ಯೆಗಳು ಕೆಟ್ಟದಾಗಿಯೇ ಇರಬಹುದು. ಪಕ್ಕದ ಆಸ್ಪತ್ರೆಯ ಏಜೆಂಟ್ ಅದನ್ನು ತೋರಿಸಿ ರೋಗಿಗಳನ್ನು ಸೆಳೆಯಲೂಬಹುದು. ಪ್ರಯೋಗಾಲಯಕ್ಕೆ, ಹೆಚ್ಚುವರಿ ದಾದಿಯರಿಗೆ ಹಣ ಬೇಕಾಗುತ್ತದೆ ಎಂಬುದೂ ನಿಜ. ಹೊಸ ಕಟ್ಟಡಕ್ಕೆ, ಹೊಸ ಸ್ಕ್ಯಾನಿಂಗ್ ಯಂತ್ರಕ್ಕೆ ಹೆಸರು ಕೆತ್ತಿಸಿ ದಾನ ಕೊಡುವ ನಮ್ಮ ಉದ್ಯಮಿಗಳು, ಹೆಸರು ಕೆತ್ತಿಸಲಾಗದ ಈ ವೆಚ್ಚಕ್ಕೂ ಮುಂದೆ ಬರಲಿ. ಪ್ರತಿ ರಮಝಾನ್‌ನಲ್ಲಿ ಸಹಾಯದ ಮನವಿಪತ್ರ ಹೊರಡಿಸುವ ಆಸ್ಪತ್ರೆ ಟ್ರಸ್ಟ್‌ಗಳು ಮುಂದಿನ ರಮಝಾನ್‌ನ ಪತ್ರದಲ್ಲಿ ಕಟ್ಟಡದ ಬಣ್ಣದ ಚಿತ್ರದ ಕೆಳಗೆ ಈ ಸಂಖ್ಯೆಗಳನ್ನೂ ಮುದ್ರಿಸಲಿ.